ಇಷಾಪುರದ ರೈಫಲ್

ಬಂದೂಕಿನ ಅಂಗಡಿಯ ಡೇಲ್ ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿ ಎರಡು ರೈಫಲ್‌ಗಳನ್ನು ಅಕ್ಕಪಕ್ಕ ಮಲಗಿಸಿದ.

ಒಂದು ಹೊಸದು. ಹಳೆಯ ಸೈನಿಕ ರೈಫಲ್‌ನ ಮಾದರಿಯಲ್ಲಿ ಈಚೆಗೆ ಕಾರ್ಖಾನೆಯೊಂದರಲ್ಲಿ ತಯಾರಾದ ನಕಲು. ಅದರ ಮರ ಎಣ್ಣೆ ಕುಡಿದು ಹೊಳೆಯುತ್ತಿತ್ತು. ಇನ್ನೊಂದು ಅಸಲಿ. ಬಂಗಾಳದ ಇಷಾಪುರದಲ್ಲಿ ೧೯೬೬ರಲ್ಲಿ ತಯಾರಾಗಿ, ಭಾರತೀಯ ಸೇನೆಯ ಕೈಯಲ್ಲಿ ಸವೆದು, ಕೊನೆಗೆ ಹೆಚ್ಚುವರಿ ಸರಕೆಂದು ಸಾವಿರಾರು ರೈಫಲ್‌ಗಳ ಜೊತೆ ಹಡಗಿನಲ್ಲಿ ಅಮೆರಿಕಕ್ಕೆ ಬಂದದ್ದು. ಅದರ ಹಿಡಿಯ ಮೇಲೆ ಗೀರುಗಳಿದ್ದವು. ಲೋಹದ ಮೇಲೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು.

"ನಿಮಗೆ ಇದೇ ಸರಿ," ಎಂದು ಡೇಲ್ ಹೊಸದನ್ನು ನಿಂಗವ್ವನ ಕಡೆ ಸರಿಸಿದ. "ಹಗುರ, ಒದೆಯೋದೂ ಕಮ್ಮಿ. ಐದು ವರ್ಷ ವಾರಂಟಿ. ನೋಡೋಕೆ ಹಳೇದರ ಹಾಗೇ ಇದೆ, ಯಾರಿಗೂ ಗೊತ್ತಾಗಲ್ಲ."

"ಆ ಹಳೇದು?" ಎಂದಳು ನಿಂಗವ್ವ.

"ಅದನ್ನ ಗೋಡೆಗೆ ತಗುಲಿ ಹಾಕೋರಿಗೆ ಮಾರ್ತೀನಿ. ಇಂಡಿಯಾದಲ್ಲಿ ಮಾಡಿದ್ದು. ತಪ್ಪು ತಿಳ್ಕೋಬೇಡಿ, ಆದರೆ ಅದರ ಹಿಂದೆ ನನ್ನ ಮುಖ ಇಡೋಕೆ ನನಗೆ ಧೈರ್ಯ ಇಲ್ಲ."

ನಿಂಗವ್ವನಿಗೆ ಐವತ್ತೈದು ವರ್ಷ. ವಿಜಯಪುರದಲ್ಲಿ ಹುಟ್ಟಿ ಬೆಳೆದವಳು. ಹತ್ತೊಂಬತ್ತು ವರ್ಷಗಳಿಂದ ಅಮೆರಿಕದ ರೆಂಟನ್ ಊರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆದು ನೋಡುವುದು ಅವಳ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದಳು. ಅಲ್ಲಿ ಲೇತ್ ನಡೆಸುವ ಲೋರಿ ಎಂಬ ಗೆಳತಿ ಅವಳನ್ನು ಎರಡು ತಿಂಗಳ ಹಿಂದೆ ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ತಿಂಗಳಿಗೊಮ್ಮೆ ಹಳೆಯ ಸೈನಿಕ ರೈಫಲ್‌ಗಳ ಸ್ಪರ್ಧೆ. ಅದನ್ನು ನಡೆಸುವವನೂ, ಪಕ್ಕದ ಊರು ಟಕ್ವಿಲಾದ ಗೋದಾಮುಗಳ ನಡುವೆ ಈ ಅಂಗಡಿ ಇಟ್ಟವನೂ ಡೇಲ್ ಒಬ್ಬನೇ.

"ಧೈರ್ಯದ ಮಾತು ಆಮೇಲೆ," ಎಂದಳು ನಿಂಗವ್ವ. "ಗೇಜ್ ಇದೆಯಾ?"

ಡೇಲ್ ಹುಬ್ಬೇರಿಸಿದ. ಒಳಗೆ ಹೋಗಿ ಉಕ್ಕಿನ ಎರಡು ಅಳತೆಗುಂಡುಗಳನ್ನು ತಂದುಕೊಟ್ಟ. ಗುಂಡು ಕೂರುವ ಜಾಗಕ್ಕೂ ಅದನ್ನು ಹಿಂದಿನಿಂದ ಅದುಮಿ ಹಿಡಿಯುವ ಬೋಲ್ಟಿಗೂ ನಡುವೆ ಎಷ್ಟು ಸಂದು ಇದೆಯೆಂದು ನೋಡುವ ಸಾಧನ ಅದು. ಸಣ್ಣ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ದೊಡ್ಡದರ ಮೇಲೆ ಮುಚ್ಚಬಾರದು. ಮುಚ್ಚಿದರೆ ಸಂದು ಹೆಚ್ಚಾಗಿದೆ, ಹೊಡೆಯುವುದು ಅಪಾಯ.

ಅವಳು ಕನ್ನಡಕ ಏರಿಸಿಕೊಂಡು ಮೊದಲು ಸಣ್ಣದನ್ನು ಹಾಕಿ ನೋಡಿದಳು. ಮುಚ್ಚಿತು. ದೊಡ್ಡದನ್ನು ಹಾಕಿದಳು. ಅದರ ಮೇಲೂ ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು.

ಡೇಲ್ ನಕ್ಕ. "ನಾನು ಹೇಳಲಿಲ್ವಾ?"

ಅವಳ ಮುಖ ಬಿಸಿಯಾಯಿತು. ಆ ರೈಫಲ್ ತನ್ನ ಮಾನ ಕಳೆಯಿತೆಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ ಕೆಲಸದ ಬುದ್ಧಿ ಎಚ್ಚರವಾಯಿತು. ಒಂದು ಭಾಗ ಸವೆದಿದ್ದರೆ ಸವೆದದ್ದು ಆ ಭಾಗ. ಇಡೀ ಯಂತ್ರವಲ್ಲ, ಅದನ್ನು ಮಾಡಿದ ದೇಶವೂ ಅಲ್ಲ.

"ಈ ಬೋಲ್ಟಿನ ತಲೆ ತಿರುಗಿಸಿದರೆ ಬಿಚ್ಚಿ ಬರುತ್ತೆ," ಎಂದಳು. "ಬೇರೆ ತಲೆಗಳಿದ್ದರೆ ಕೊಡಿ."

"ಮೇಡಂ, ಇಷ್ಟೆಲ್ಲ ಯಾಕೆ?"

"ಇದೆಯೋ ಇಲ್ವೋ?"

ಇತ್ತು. ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಬಿಡಿಭಾಗಗಳು. ನಿಂಗವ್ವ ಅದನ್ನು ಬಟ್ಟೆಯ ಮೇಲೆ ಸುರಿದು ಆರಿಸತೊಡಗಿದಳು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ಗಡಿಯಾರ ನೋಡಿಕೊಂಡ. ಅವಳು ತಿರುಗಲಿಲ್ಲ. ಮೊದಲ ತಲೆ ಹಾಕಿ ನೋಡಿದಳು, ಬೋಲ್ಟ್ ದೊಡ್ಡ ಗೇಜಿನ ಮೇಲೆ ಮುಚ್ಚಿತು. ಎರಡನೆಯದು ಸಣ್ಣದರ ಮೇಲೂ ಮುಚ್ಚಲಿಲ್ಲ. ಮೂರನೆಯದರ ಮೇಲೆ ಇಷಾಪುರದ್ದೇ ಮುದ್ರೆಯಿತ್ತು. ಅದು ಸಣ್ಣ ಗೇಜಿನ ಮೇಲೆ ಮೆತ್ತಗೆ ಮುಚ್ಚಿ, ದೊಡ್ಡದರ ಮೇಲೆ ಅರ್ಧದಲ್ಲೇ ನಿಂತಿತು. ಅವಳು ಮೂರು ಸಲ ಹಾಗೇ ಮಾಡಿ, ಆಮೇಲೆ ಡೇಲ್‌ನ ಕೈಗೆ ಕೊಟ್ಟಳು. ಅವನೂ ಒತ್ತಿ ನೋಡಿದ. ಮುಚ್ಚಲಿಲ್ಲ.

"ಈಗ ಮುಖ ಇಡ್ತೀರಾ?" ಎಂದಳು.

ಡೇಲ್ ಅರ್ಜಿಯ ಹಾಳೆ ತೆಗೆದ.

ಹಾಗೆಂದು ಆ ದಿನವೇ ರೈಫಲ್ ಸಿಗುವುದಿಲ್ಲ. ಸುರಕ್ಷತಾ ತರಬೇತಿಯ ಪತ್ರ ಕೊಡಬೇಕು, ಪೊಲೀಸರು ಹಿನ್ನೆಲೆ ನೋಡಬೇಕು, ಹತ್ತು ಕೆಲಸದ ದಿನ ಕಾಯಬೇಕು. ಆ ಹತ್ತು ದಿನ ಮನೆಯಲ್ಲಿ ನಡೆದದ್ದೇ ಬೇರೆ.

ಗಂಡ ಶಶಿಕಾಂತ ಸಾಫ್ಟ್‌ವೇರ್ ಟೆಸ್ಟಿಂಗಿನವನು, ಜಗಳವೆಂದರೆ ಆಗದ ಮನುಷ್ಯ. "ತಗೊಳ್ಳೂದಿದ್ರ ಹೊಸಾದರ ತಗೋ ಮಾರಾಯ್ತಿ," ಎಂದ. "ವಾರಂಟಿ ಐತಿ ಅಂತಾನ. ಅದೂ ಗುಂಡ ಹಾರಸ್ತದಲ್ಲ?"

"ಹಾರಸ್ತದ. ಅದೇನ್ ಕೆಟ್ಟದ್ದಲ್ಲ. ಆದ್ರ ಅಂವ ನನಗ ಅದನ್ನ ಯಾಕ ಕೊಡಾಕ ಹತ್ತಿದ್ದ ಗೊತ್ತೇನು? ಖರೇದ್ದು ಈಕಿ ಕೈಲೆ ಆಗೂದಲ್ಲ ಅಂತ."

"ಅಂವ ಹಂಗೇನ್ ಅಂದನು?"

"ಅನಬೇಕಾಗಿಲ್ರಿ. ನಾ ಎನ್‌ಸಿಸಿದಾಗ ಮೂರು ವರ್ಷ ಡ್ರಿಲ್ ರೈಫಲ್ ಹೊತ್ತೇನಿ. ನಳಿಗಿ ಮುಚ್ಚಿದ್ದು, ಗುಂಡ ಹಾರದ್ದು. ಪರೇಡ್ ಗ್ರೌಂಡಿನಾಗ ಎಲ್ಲಾರಕಿಂತ ಛಂದ ನಡೀತಿದ್ದೆ. ಫೈರಿಂಗ್ ದಿನಾ ಬಂದ ಕೂಡ್ಲೆ, ಗುಂಡು ಕಡಿಮಿ ಬಿದ್ದಾವು, ಹುಡುಗ್ಯಾರದು ಮುಂದಿನ ವರ್ಷ ಅಂತಿದ್ರು. ಮೂರು ವರ್ಷದಾಗ ನನಗ ಸಿಕ್ಕಿದ್ದು ಐದು ಗುಂಡು. ಐದೂ ಒಂದ ರೂಪಾಯಿ ನಾಣ್ಯದಷ್ಟು ಜಾಗದಾಗ ಹೊಡದಿದ್ದೆ. ಹವಾಲ್ದಾರ ಹಾಳಿ ನೋಡಿ, 'ಪಾಪ, ಹುಡುಗಿ ಆಗಿ ಹುಟ್ಟ್ಯಾಳ' ಅಂದ."

ಶಶಿಕಾಂತ ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ಎಂದೂ ಕೇಳಿರಲಿಲ್ಲ. ಹೊಸದರ ಮಾತು ಬಿಟ್ಟು ಅವಳಿಗೂ ಒಂದು ಕಪ್ಪು ಚಹಾ ಸೋಸಿದ.

ಆದರೆ ಮಗಳು ನಿಕಿತಾ ಸುಮ್ಮನಿರಲಿಲ್ಲ. ಇಪ್ಪತ್ತು ವರ್ಷದವಳು, ಇಲ್ಲೇ ಹುಟ್ಟಿದವಳು, ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಕಾಲೇಜಿನಿಂದ ವಾರಾಂತ್ಯಕ್ಕೆ ಮನೆಗೆ ಬಂದಾಗ ಅವಳಿಗೆ ವಿಷಯ ತಿಳಿಯಿತು.

"ಅಮ್ಮಾ, ಎ ಗನ್? ಸೀರಿಯಸ್ಲೀ?" ಎಂದು ಶುರುಮಾಡಿದವಳು ಇಂಗ್ಲಿಷಿನಲ್ಲೇ ಒಂದೇ ಉಸಿರಿಗೆ ಹೇಳಿದಳು. ಒಂದನೇ ಕ್ಲಾಸಿನಿಂದ ಹನ್ನೆರಡನೇ ಕ್ಲಾಸಿನವರೆಗೆ, ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಕಲಿಯಲು, ವರ್ಷಕ್ಕೆ ಎಷ್ಟೋ ಸಲ ದೀಪ ಆರಿಸಿ, ಬಾಗಿಲಿಗೆ ಬೆಂಚು ಅಡ್ಡವಿಟ್ಟು, ಡೆಸ್ಕಿನ ಕೆಳಗೆ ಅಡಗಿ ಕೂರುವ ಡ್ರಿಲ್ ಮಾಡಿದ್ದಳು. ಒಂದು ಸಲ ಅದು ಡ್ರಿಲ್ ಅಲ್ಲವೆಂದುಕೊಂಡು ಅಮ್ಮನಿಗೆ ಕೊನೆಯ ಮೆಸೇಜ್ ಟೈಪ್ ಮಾಡಿ, ಕಳಿಸದೆ ಅಳಿಸಿದ್ದಳು. ಆಗ ಅವಳಿಗೆ ಹದಿಮೂರು ವರ್ಷ.

ನಿಂಗವ್ವನಿಗೆ ಈ ಮೆಸೇಜಿನ ಸಂಗತಿ ಗೊತ್ತಿರಲಿಲ್ಲ. ಅವಳು ಕುರ್ಚಿ ಎಳೆದು ಮಗಳ ಎದುರು ಕುಳಿತಳು.

"ಏನ್ ಬರ್ದಿದ್ದಿ ಅದರಾಗ?"

"ಐ ಡೋಂಟ್ ರಿಮೆಂಬರ್," ಎಂದಳು ನಿಕಿತಾ. ನೆನಪಿದೆಯೆಂದು ಇಬ್ಬರಿಗೂ ಗೊತ್ತಿತ್ತು.

"ಆತು. ನನ್ನ ಮಾತೂ ಕೇಳು," ಎಂದಳು ನಿಂಗವ್ವ. "ಅದು ಈ ಮನಿ ಹೊಸ್ತಿಲಾ ದಾಟೂದಿಲ್ಲ. ಕ್ಲಬ್ಬಿನಾಗ ಉಕ್ಕಿನ ಕಪಾಟ ಅದಾವ, ಅಲ್ಲೇ ಇಡ್ತೀನಿ. ಗುಂಡೂ ಅಲ್ಲೇ. ನಿನ್ನ ಅಂಜಿಕಿ ಖರೇ ಐತಿ, ಅದಕ್ಕ ನಾ ಬೆಲೆ ಕೊಡ್ತೀನಿ. ಆದ್ರ ಬಿಡೂದಿಲ್ಲ. ಕಾಗದದ ಮ್ಯಾಲಿನ ಒಂದು ಕರೀ ಚುಕ್ಕಿ ನನಗ ಬೇಕು. ಅಷ್ಟ."

"ಯು ಆರ್ ಸೋ ಸ್ಟಬ್ಬರ್ನ್."

"ಹೌದು."

ನಿಕಿತಾ ಅಂದು ಊಟ ಮಾಡದೆ ಕೋಣೆಗೆ ಹೋದಳು. ನಿಂಗವ್ವ ಅವಳ ತಟ್ಟೆಗೆ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ಬಾಗಿಲ ಹೊರಗೆ ಇಟ್ಟಳು. ಬೆಳಗ್ಗೆ ತಟ್ಟೆ ಖಾಲಿಯಾಗಿತ್ತು, ಆದರೂ ಮಗಳು ಮಾತಾಡದೆಯೇ ಕಾಲೇಜಿಗೆ ಹೊರಟುಹೋದಳು.

ಸ್ಪರ್ಧೆ ಇದ್ದದ್ದು ಮುಂದಿನ ತಿಂಗಳ ಮೊದಲ ಭಾನುವಾರ. ಅಷ್ಟರಲ್ಲಿ ರೈಫಲ್ ಕೈಗೆ ಬಂದಿತ್ತು, ಎರಡು ಸಲ ಅಭ್ಯಾಸವೂ ಆಗಿತ್ತು. ಅಂದು ಸಣ್ಣಗೆ ಜಿನುಗುತ್ತಿತ್ತು, ಯಾರೂ ಛತ್ರಿ ತಂದಿರಲಿಲ್ಲ. ಹತ್ತೊಂಬತ್ತು ಜನ ಬಂದಿದ್ದರು. ಗೋಡೆಗೆ ಎರಡು ಪಟ್ಟಿ ಅಂಟಿಸಿದ್ದರು: ಸೇನೆಯಲ್ಲಿ ಬಳಸಿದ್ದ ಅಸಲಿ ರೈಫಲ್‌ಗಳ ವರ್ಗ ಒಂದು, ನಕಲು ಮತ್ತು ಹೊಸ ರೈಫಲ್‌ಗಳ ವರ್ಗ ಇನ್ನೊಂದು. ನಿಂಗವ್ವನ ಹೆಸರು ಎರಡನೆಯ ಪಟ್ಟಿಯಲ್ಲಿತ್ತು.

"ತಪ್ಪಾಗಿದೆ," ಎಂದು ಅವಳು ಡೇಲ್‌ಗೆ ತೋರಿಸಿದಳು.

"ತಪ್ಪಿಲ್ಲ. ನಿಮ್ಮ ರೈಫಲ್‌ನ ಬೋಲ್ಟ್ ಹೆಡ್ ಬದಲಾಗಿದೆ. ನೀವೇ ನನ್ನ ಕಣ್ಣೆದುರು ಬದಲಾಯಿಸಿದ್ದು. ಅದು ಈಗ ಅಸಲಿ ಅಲ್ಲ."

ಅವಳು ಜಾಕೆಟ್ಟಿನ ಜೇಬಿನಿಂದ ಕ್ಲಬ್ಬಿನ ನಿಯಮಗಳ ಪುಸ್ತಿಕೆ ತೆಗೆದಳು. ಎಂಟು ಪುಟಗಳ ಆ ಪುಸ್ತಿಕೆಯನ್ನು ಅವಳು ಕೆಲಸದ ನಕ್ಷೆ ಓದುವ ಹಾಗೆ ಓದಿದ್ದಳು. "ಮೂರನೇ ಪುಟ. ಸವೆದ ಭಾಗದ ಬದಲು ಅದೇ ಸೇನೆಯ, ಅದೇ ಮಾದರಿಯ ಭಾಗ ಹಾಕಬಹುದು. ಇದರ ಮೇಲೆ ಇಷಾಪುರದ ಮುದ್ರೆ ಇದೆ, ನೋಡಿ."

"ಇಲ್ಲಿ ತೀರ್ಮಾನ ಮಾಡೋನು ನಾನು," ಎಂದ ಡೇಲ್. ಸುತ್ತ ಜನ ಸೇರುತ್ತಿದ್ದುದು ಅವನಿಗೆ ಹಿತವೆನಿಸಲಿಲ್ಲ. "ಆ ವರ್ಗದಲ್ಲಿ ಹೊಡೀರಿ. ಇಲ್ಲ ಅಂದ್ರೆ ಇವತ್ತು ನೋಡ್ಕೊಂಡು ಹೋಗಿ."

"ಆ ವರ್ಗದಲ್ಲಿ ಹೊಡೆಯಲ್ಲ. ಮನೆಗೂ ಹೋಗಲ್ಲ."

ಹಾಗೆಂದವಳೇ ನಡೆದು ಹೋಗಿ, ಅಸಲಿ ವರ್ಗದವರು ಮಲಗಿ ಗುರಿಯಿಡಲೆಂದು ಹಾಸಿದ್ದ ಏಳನೇ ಚಾಪೆಯ ಮೇಲೆ ಕುಳಿತುಬಿಟ್ಟಳು. ರೈಫಲ್ ಖಾಲಿಯಾಗಿ, ಬೋಲ್ಟ್ ತೆರೆದು ಪಕ್ಕದಲ್ಲಿತ್ತು. ನಿಯಮದಲ್ಲಿ ಒಂದು ತಪ್ಪೂ ಇರಲಿಲ್ಲ. ಅವಳು ಏಳದೆ ಸ್ಪರ್ಧೆ ಶುರುವಾಗುವ ಹಾಗಿರಲಿಲ್ಲ. ಅಷ್ಟು ಜನ ಬಿಳಿಯರ ನಡುವೆ ತಾನೊಬ್ಬಳೇ ಹೀಗೆ ಚಕ್ಕಳಮಕ್ಕಳ ಹಾಕಿ ಕುಳಿತದ್ದು ಹೇಗೆ ಕಾಣುತ್ತದೋ ಎಂದುಕೊಂಡಳು. ಕಂಡರೆ ಕಾಣಲಿ ಎಂದೂ ಅಂದುಕೊಂಡಳು.

ಐದು ನಿಮಿಷ ಕಳೆಯಿತು. ಹತ್ತಾಯಿತು.

ಲೋರಿ ತನ್ನ ಚಾಪೆಯಿಂದ ಎದ್ದಳು. "ಡೇಲ್, ನನ್ನ ರೈಫಲ್‌ನ ನಳಿಗೆಯನ್ನ ಯುದ್ಧದ ಕಾಲದಲ್ಲೇ ಬದಲಾಯಿಸಿದಾರೆ. ನೀನೇ ನನಗೆ ಮಾರಿದ್ದು, ನೀನೇ ಹೇಳಿದ್ದು. ನಾನೂ ನಕಲಿನ ಪಟ್ಟಿಗೆ ಹೋಗ್ಲಾ?"

ಹಿಂದಿನ ಬೆಂಚಿನ ಮುದುಕನೊಬ್ಬ ಜೋರಾಗಿ ನಕ್ಕುಬಿಟ್ಟ. "ಹಾಗಾದ್ರೆ ನನ್ನದೂ ಸೇರಿಸು. ನನ್ನದರ ಮರ ಬೇರೆ, ಬೋಲ್ಟ್ ಬೇರೆ. ನನ್ನ ಮಂಡಿಯೂ ಬದಲಾಗಿದೆ." ಇನ್ನಿಬ್ಬರು ನಕ್ಕರು. ಉಳಿದವರು ಮಳೆಯಲ್ಲಿ ನಿಂತು ಬೇಸತ್ತಿದ್ದರು, ಬೇಗ ಶುರುಮಾಡು ಎಂದರು.

ಡೇಲ್ ಗೋಡೆಯ ಹತ್ತಿರ ಹೋಗಿ ಒಂದು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಇನ್ನೊಂದರಲ್ಲಿ 'ನಿಂಗ' ಎಂದು ಬರೆದ. ಅವಳು ಕೂತಲ್ಲಿಂದಲೇ ಕೂಗಿದಳು: "ಪೂರ್ತಿ ಹೆಸರು ಬರೀರಿ. ನಿಂಗ ಅಲ್ಲ, ನಿಂಗವ್ವ."

ಇಪ್ಪತ್ತು ಗುಂಡು, ಇನ್ನೂರು ಗಜ. ಮೊದಲ ಐದು ಕೆಳಗೆ, ಎಡಕ್ಕೆ ಹೋದವು; ಸಿಟ್ಟಿನಲ್ಲಿ ಉಸಿರು ಹತೋಟಿಗೆ ಬಂದಿರಲಿಲ್ಲ. ಪ್ರತಿ ಸಲವೂ ರೈಫಲ್ ಹೆಗಲಿಗೆ ಹೋರಿಯ ಹಾಗೆ ಗುದ್ದಿತು. ಆರನೆಯದಕ್ಕೆ ಅವಳು ಕಣ್ಣು ಮುಚ್ಚಿ ತೆರೆದಳು, ಡೇಲ್‌ನನ್ನು ಮರೆತಳು, ಟಾರ್ಗೆಟ್ಟಿನ ಕಪ್ಪು ಚುಕ್ಕಿಯೊಂದನ್ನೇ ಉಳಿಸಿಕೊಂಡಳು. ಅಲ್ಲಿಂದ ಗುಂಡುಗಳು ಒಳಗೆ ಬೀಳತೊಡಗಿದವು. ಕೊನೆಯ ಐದರಲ್ಲಿ ನಾಲ್ಕು ಕಪ್ಪಿನ ಒಳಗೇ ಇದ್ದವು.

ಅಸಲಿ ವರ್ಗದ ಹದಿನಾಲ್ಕು ಜನರಲ್ಲಿ ಅವಳಿಗೆ ಒಂಬತ್ತನೆಯ ಸ್ಥಾನ. ಡೇಲ್‌ನದು ಎರಡನೆಯದು, ಅವನು ಒಳ್ಳೆಯ ಗುರಿಕಾರ, ಅದನ್ನು ಅವಳು ಒಪ್ಪಿದಳು. ಅಂಕಗಳ ಹಾಳೆ ಕೊಡುವಾಗ ಅವನು ಕ್ಷಮೆ ಕೇಳಲಿಲ್ಲ. "ಮುಂದಿನ ತಿಂಗಳು ಬರ್ತೀರಾ?" ಎಂದಷ್ಟೇ ಕೇಳಿದ.

"ಬರ್ತೀನಿ. ಪಟ್ಟಿ ಸರಿಯಾಗಿ ಮಾಡಿ ಇಟ್ಟಿರಿ."

ಮನೆಗೆ ಬಂದಾಗ, ವಾರಾಂತ್ಯಕ್ಕೆಂದು ಬಂದಿದ್ದ ನಿಕಿತಾ ಅಡುಗೆಮನೆಯಲ್ಲಿದ್ದಳು. ಜಾಕೆಟ್ ಬಿಚ್ಚಿದ ಅಮ್ಮನ ಬಲ ಹೆಗಲ ಮೇಲೆ ಅಂಗೈ ಅಗಲದ ನೀಲಿ ಕಲೆ ಕಂಡು ಗಾಬರಿಯಾಗಿ ಫ್ರೀಜರ್ ತೆಗೆದಳು. ಹೆಪ್ಪುಗಟ್ಟಿದ ಬಟಾಣಿಯ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಹೆಗಲಿಗೆ ಹಿಡಿದಳು.

"ಐ ಸ್ಟಿಲ್ ಹೇಟ್ ಇಟ್," ಎಂದಳು.

"ಹೇಟ್ ಮಾಡು. ನಿನ್ನ ಮನಸ್ಸು ನಿಂದು," ಎಂದಳು ನಿಂಗವ್ವ. "ಆದ್ರ ಇನ್ನೊಂದೀಟು ಗಟ್ಟಿ ಒತ್ತು."