ಆಯುಧಪೂಜೆಗೆ ಬಂದ ಎರಡು ಕ್ಯಾಮೆರಾ

ದೇವರಾಜ ಅರಸು ರಸ್ತೆಯ ಆ ಎಲೆಕ್ಟ್ರಾನಿಕ್ಸ್ ಅಂಗಡಿಗೆ ನಿಶ್ಚಿತಾ ಎಷ್ಟು ಸಲ ಬಂದಿದ್ದಳೆಂದರೆ, ಮಾಲೀಕ ಶಿವರಾಮು ಈಗ "ಬನ್ನಿ" ಎನ್ನುವುದನ್ನೂ ಬಿಟ್ಟಿದ್ದರು. ಅವಳ ಮುಖ ಕಂಡ ಕೂಡಲೇ ಎರಡು ಡಿಜಿಟಲ್ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟು, ತಾವು ಪೇಪರ್ ಓದಲು ಕೂರುತ್ತಿದ್ದರು.

ಒಂದು ಬೆಳ್ಳಿ ಬಣ್ಣದ್ದು, ಸೋಪಿನ ಡಬ್ಬಿಯಷ್ಟಿತ್ತು. ಐದು ಮೆಗಾಪಿಕ್ಸೆಲ್. ಗುಂಡಿ ಒತ್ತಿದರೆ ಎದುರಿನ ತೆಳ್ಳನೆ ಬಾಗಿಲು ಸರಿದು, ಆಮೆ ತಲೆ ಚಾಚಿದ ಹಾಗೆ ಲೆನ್ಸು ತಾನಾಗಿ ಹೊರಗೆ ಬರುತ್ತಿತ್ತು. ಇನ್ನೊಂದು ಕಪ್ಪಗೆ ದಪ್ಪಗೆ ಇತ್ತು. ಕೈಗೆ ಭಾರ, ಹಳೆಯ ಮಾಡೆಲ್ಲು, ಮೂರೇ ಮೆಗಾಪಿಕ್ಸೆಲ್. ಅದರ ಲೆನ್ಸಿಗೆ ಕೈಯಲ್ಲಿ ತೆಗೆದು ಹಾಕುವ ಪ್ಲಾಸ್ಟಿಕ್ ಮುಚ್ಚಳ. ಯಾರೂ ಕೇಳದೆ ಶೋಕೇಸಿನಲ್ಲಿ ಕೂತಿದ್ದರಿಂದ ಬೆಲೆ ಇಳಿದಿತ್ತು.

"ನಿನ್ನೆ ಬೆಳ್ಳೀದು ಅಂದ್ರಿ," ಎಂದರು ಶಿವರಾಮು ಪೇಪರಿನ ಹಿಂದಿನಿಂದ.

"ಹೌದು ಸಾರ್."

"ಮೊನ್ನೆ ಕರೀದು ಅಂದಿದ್ರಿ."

"ಇವತ್ತು ಯಾವ್ದು ಅಂತ ಗೊತ್ತಾಗ್ತಿಲ್ಲ ಸಾರ್."

"ನನ್ನ ಮಗಳಿಗೆ ಗಂಡು ನೋಡೋಕೂ ಇಷ್ಟು ಒದ್ದಾಡ್ಲಿಲ್ಲ ಕಣಮ್ಮ ನಾನು."

ಒದ್ದಾಟಕ್ಕೆ ಕಾರಣವಿತ್ತು. ನಿಶ್ಚಿತಾ ಬಿ.ಕಾಂ. ಮುಗಿಸಿ ಝೆರಾಕ್ಸ್ ಅಂಗಡಿಯೊಂದರಲ್ಲಿ ಬೇರೆಯವರ ಮಾರ್ಕ್ಸ್‌ಕಾರ್ಡುಗಳ ನಕಲು ತೆಗೆಯುತ್ತಾ ಕೂತಿದ್ದ ಹುಡುಗಿ. ಚಾಮರಾಜಪುರಂನ ಅವಳ ಮನೆಯ ಹತ್ತಿರವೇ ಸಿದ್ದರಾಜು ಎಂಬುವವರ ಸ್ಟುಡಿಯೋ. ಮದುವೆಮನೆಗಳಲ್ಲಿ ಹೆಣ್ಣಿನ ಕೋಣೆಗೆ, ಬಳೆಶಾಸ್ತ್ರಕ್ಕೆ, ಅರಿಶಿನ ಹಚ್ಚುವಾಗ ಒಳಗೆ ಹೋಗಿ ಫೋಟೋ ತೆಗೆಯಲು ಅವರಿಗೊಬ್ಬಳು ಹುಡುಗಿ ಬೇಕಿತ್ತು. "ಫಿಲಂ ಕ್ಯಾಮೆರಾ ಕೊಟ್ಟು ನಿನ್ನ ಕೈಲಿ ರೀಲು ಹಾಳು ಮಾಡಿಸೋಕಾಗಲ್ಲ. ನಿಂದೇ ಡಿಜಿಟಲ್ ಇದ್ರೆ ಬಾ, ಕಲೀತೀಯ. ದಸರಾ ಮುಗೀತಿದ್ದ ಹಾಗೆ ತಂದು ತೋರಿಸು. ಇಲ್ದಿದ್ರೆ ಹೂಟಗಳ್ಳೀಲಿ ಒಬ್ಳಿದಾಳೆ, ಅವಳ ಹತ್ರ ಕ್ಯಾಮೆರಾ ಇದೆ," ಎಂದಿದ್ದರು. ಒಂದು ಸಲ ಮಾತ್ರ ಕೊಳ್ಳುವ ಶಕ್ತಿ ಇರುವವರಿಗೆ ಆಯ್ಕೆ ಎಂಬುದು ಸುಖವಲ್ಲ, ಶಿಕ್ಷೆ.

ಆಯುಧಪೂಜೆಯ ಹಿಂದಿನ ಸಂಜೆ ಶಿವರಾಮು ಎರಡನ್ನೂ ಒಂದು ಚೀಲಕ್ಕೆ ಹಾಕಿ ಕೊಟ್ಟರು. "ಹಬ್ಬಕ್ಕೆ ಅಂಗಡಿ ಮುಚ್ಚಿರುತ್ತೆ. ಕರಿಬಸವಯ್ಯನ ಮಗಳು ಅಂತ ನಂಬಿ ಕೊಡ್ತಿದೀನಿ. ಮನೇಲಿ ಹಿಡಿದು ನೋಡಿ, ಒಂದನ್ನ ವಾಪಸ್ ತನ್ನಿ. ಮೂರನೇದು ಮಾತ್ರ ಕೇಳಬೇಡಿ."

ಮನೆಯಲ್ಲಿ ಅಪ್ಪ ಕಡ್ಲೆಪುರಿ ಬಾಯಿಗೆ ಎಸೆದುಕೊಳ್ಳುವುದನ್ನು ಎರಡರಲ್ಲೂ ತೆಗೆದಳು. ಬೆಳ್ಳಿಯದು ಒತ್ತಿದ ಮೇಲೆ ಯೋಚಿಸಿ ತೆಗೆಯುತ್ತಿತ್ತು. ಪುರಿ ಹೊಟ್ಟೆ ಸೇರಿದ ಮೇಲಿನ ಮುಖ ಬರುತ್ತಿತ್ತು. ಕಪ್ಪುದು ಒತ್ತಿದ ಕೂಡಲೇ ಹಿಡಿಯುತ್ತಿತ್ತು. ಆದರೆ ಬೆಳ್ಳಿಯದರ ಪರದೆಯ ಮೇಲೆ ಬಣ್ಣ ಎಷ್ಟು ಚೆನ್ನ! ಅಪ್ಪ ಕರಿಬಸವಯ್ಯ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಫೋರ್‌ಮನ್. "ಐದು ದೊಡ್ಡದೋ ಮೂರು ದೊಡ್ಡದೋ? ಅಷ್ಟೇ ಲೆಕ್ಕ," ಎಂದುಬಿಟ್ಟ. ಸರಿ, ಬೆಳ್ಳಿಯದೇ ಎಂದುಕೊಂಡಳು. ಮಲಗುವ ಹೊತ್ತಿಗೆ ಮತ್ತೆ ಅನುಮಾನ ಬಂತು.

ಮರುದಿನ ಝೆರಾಕ್ಸ್ ಮೆಷಿನ್ನಿನ ಪೂಜೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅಮ್ಮ ಶಾಂತಾದೇವಿಯ ಪೂಜೆಯೂ ಮುಗಿದಿತ್ತು. ಬಾಗಿಲಲ್ಲಿ ಸ್ಕೂಟರಿಗೆ ಹಾರ. ಒಳಗೆ ಬಾಳೆಎಲೆಯ ಮೇಲೆ ಈಳಿಗೆಮಣೆ, ಸುತ್ತಿಗೆ, ಕತ್ತರಿ, ಅವುಗಳ ನಡುವೆ ಎರಡು ಕ್ಯಾಮೆರಾ. ಎಲ್ಲದರ ಮುಖದ ಮೇಲೂ ನೀರಲ್ಲಿ ಕಲಸಿದ ವಿಭೂತಿ, ಮೂರು ಬೆರಳಲ್ಲಿ ಧಾರಾಳವಾಗಿ ಎಳೆದದ್ದು.

ನಿಶ್ಚಿತಾ ಓಡಿಬಂದು ಎಲೆಯ ಮುಂದೆ ಕೂತಳು. ಕಪ್ಪು ಕ್ಯಾಮೆರಾದ ಮುಚ್ಚಳ ತೆಗೆದಳು. ವಿಭೂತಿಯೆಲ್ಲ ಮುಚ್ಚಳದ ಜೊತೆಗೇ ಬಂತು, ಲೆನ್ಸು ಹಾಗೇ ಹೊಳೆಯಿತು. ಬೆಳ್ಳಿಯದರ ಗುಂಡಿ ಒತ್ತಿದಳು. ತೆಳ್ಳನೆ ಬಾಗಿಲು ಕರ್ರೆಂದಿತು. ಲೆನ್ಸು ಅರ್ಧ ಬಂದು ನಿಂತಿತು, ಎರಡು ಸಲ ಕೂಗಿತು, ಪರದೆ ಕತ್ತಲಾಯಿತು.

"ಅಮ್ಮಾ! ಏನ್ ಮಾಡ್ಬುಟ್ಟೆ?"

"ಏನ್ ಮಾಡ್ದೆ? ಪೂಜೆ ಮಾಡ್ದೆ. ಅದರೊಳಗಿಂದ ಮೂತಿ ಈಚೆ ಬರುತ್ತೆ ಅಂತ ನಂಗೇನ್ ಕನಸಾ?"

"ನಮ್ದೇ ಅಲ್ವಲ್ಲಮ್ಮ ಅದು!"

"ಮನೆಗೆ ಬಂದಿರೋ ಆಯುಧನ ಪೂಜೆ ಮಾಡ್ದೆ ಬಿಡಕ್ಕಾಯ್ತದಾ?" ಎಂದ ಶಾಂತಾದೇವಿಯ ಧ್ವನಿ ಇಳಿಯಿತು. "ದೇವರ ವಿಭೂತಿ ತಡ್ಕೊಳ್ದೆ ಇರೋದು ಮದುವೆಮನೇಲಿ ಎಂಗೆ ಬಾಳುತ್ತೆ ಹೇಳು?" ಎಂದು ಗೊಣಗಿ ಅಡುಗೆಮನೆಗೆ ಹೋದಳು. ತಪ್ಪಾಗಿದೆ ಎಂದು ಅವಳಿಗೂ ಗೊತ್ತಾಗಿತ್ತು. ಅವತ್ತಿನ ಒಬ್ಬಟ್ಟಿಗೆ ಸಿಹಿಯೇ ಇರಲಿಲ್ಲ.

ಕರಿಬಸವಯ್ಯ ಲೆನ್ಸನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಒಳಕ್ಕೆ ತಳ್ಳಿದ. "ಒರೆಸಿ ಡಬ್ಬಕ್ಕೆ ಹಾಕು. ಕಪ್ಪುದೇ ಸಾಕು ಅನ್ನು. ಆನ್ ಮಾಡಿ ನೋಡೋರ್ಯಾರು?"

ವಿಜಯದಶಮಿಯ ದಿನ ಬೀದಿಯ ಜನವೆಲ್ಲ ಜಂಬೂಸವಾರಿಗೆ ಜಾಗ ಹಿಡಿಯಲು ಚಾಪೆ ಕಂಕುಳಲ್ಲಿಟ್ಟುಕೊಂಡು ಹೋದರು. ನಿಶ್ಚಿತಾ ಹೋಗಲಿಲ್ಲ. ಕಡ್ಡಿಗೆ ಹತ್ತಿ ಸುತ್ತಿ ಬೆಳ್ಳಿ ಕ್ಯಾಮೆರಾ ಒರೆಸಿದಳು, ಎದ್ದು ಓಡಾಡಿದಳು, ಮತ್ತೆ ಕೂತು ಒರೆಸಿದಳು. ಹೊರಗಿನಿಂದ ಹೊಸದರಂತಾಯಿತು. ಅದೇ ಭಯ ಹುಟ್ಟಿಸಿತು. ನಿಜ ಹೇಳಿದರೆ ಕೆಟ್ಟದ್ದನ್ನೇ ಕೊಳ್ಳಬೇಕು. ಕೆಟ್ಟದ್ದನ್ನು ಹಿಡಿದು ಸಿದ್ದರಾಜು ಮುಂದೆ ನಿಲ್ಲಲಾಗದು. ಹೇಳದಿದ್ದರೆ ಎಲ್ಲವೂ ಸಲೀಸು.

ಅಂಗಡಿ ತೆರೆದ ದಿನ ಹೊಸ್ತಿಲ ಮುಂದೆ ಒಡೆದ ಬೂದುಗುಂಬಳದ ಕೆಂಪು ಇನ್ನೂ ಮಾಸಿರಲಿಲ್ಲ. "ಕಪ್ಪುದು ಇಟ್ಕೋತೀನಿ ಸಾರ್," ಎಂದು ಬೆಳ್ಳಿಯದರ ಡಬ್ಬ ಮುಂದಿಟ್ಟಳು.

"ಅಂತೂ ಮುಹೂರ್ತ ಕೂಡಿಬಂತು," ಎಂದು ಶಿವರಾಮು ಡಬ್ಬ ತೆರೆದರು, ಒಳಗೆ ಇಣುಕಿದರು, ಮುಚ್ಚಿದರು. ಅಷ್ಟೇ. ಗುಂಡಿ ಮುಟ್ಟಲಿಲ್ಲ. ನಿಶ್ಚಿತಾ ದುಡ್ಡು ತೆಗೆಯಲು ಪರ್ಸಿಗೆ ಕೈ ಹಾಕಿದಳು.

ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಹೆಂಡತಿ ಬಸುರಿ. "ಅದೇನ್ರೀ, ಆ ಚಿಕ್ಕದು? ಮಗೂಗೆ ಚೆನ್ನಾಗಿರುತ್ತಲ್ವಾ?" ಎಂದು ಬೆಳ್ಳಿಯದನ್ನು ತೋರಿಸಿದಳು. ಶಿವರಾಮು ಡಬ್ಬವನ್ನು ಅವರತ್ತ ಸರಿಸಿದರು.

"ಅದನ್ನ ಕೊಡಬೇಡಿ ಸಾರ್." ಮಾತು ನಿಶ್ಚಿತಾಳ ಬಾಯಿಂದ ಬಂದೇಬಿಟ್ಟಿತ್ತು. "ಅದು ಕೆಟ್ಟಿದೆ. ನಮ್ಮ ಮನೇಲಿ ಕೆಟ್ಟಿದ್ದು. ಅಮ್ಮ ವಿಭೂತಿ ಹಚ್ಬುಟ್ರು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಟಿವಿಗಳ ಕಡೆ ಸರಿದರು. ಶಿವರಾಮು ಗುಂಡಿ ಒತ್ತಿ ಆ ಸದ್ದು ಕೇಳಿದರು. ಅವರ ಕಿವಿ ಕೆಂಪಾಯಿತು.

"ಇಲ್ನೋಡಿ," ಎಂದು ಹಿಂದಿನ ಕಪಾಟು ತೋರಿಸಿದರು. ಪ್ರತಿ ಡಬ್ಬದ ಮೇಲೂ ಒಂದೊಂದು ಕುಂಕುಮದ ಬೊಟ್ಟು. "ನಾವೂ ಪೂಜೆ ಮಾಡ್ತೀವಿ. ಡಬ್ಬಕ್ಕೆ ಮಾಡ್ತೀವಿ ಕಣ್ರೀ, ಡಬ್ಬಕ್ಕೆ!"

"ಇದನ್ನೇ ತಗೋತೀನಿ ಸಾರ್. ಕಪ್ಪುದು ಬೇಡ." ಅವಳು ಕಪ್ಪುದನ್ನು ತೆಗೆದು ಮೇಜಿನ ಮೇಲಿಟ್ಟಳು.

ಶಿವರಾಮು ಅರ್ಧ ಹೊರಬಂದ ಲೆನ್ಸನ್ನು ನೋಡಿದರು, ಅವಳನ್ನು ನೋಡಿದರು. "ಕೆಟ್ಟಿದ್ದನ್ನ ಮಾರಿ ನಾನೇನ್ ಬಾಳಲಿ? ಬೆಂಗ್ಳೂರಿಗೆ ರಿಪೇರಿಗೆ ಕಳಿಸ್ತೀನಿ. ಖರ್ಚು ನಿಮ್ದು. ಕಪ್ಪುದಕ್ಕೆ ಬೆಲೆ ಕಡಿಮೆ, ಉಳಿಯೋ ದುಡ್ಡು ಅದಕ್ಕೇ ಆಗುತ್ತೆ. ಇನ್ನೊಂದು ಮೆಮೊರಿ ಕಾರ್ಡು, ಚೀಲ ಅಂತಿದ್ರಲ್ಲ, ಅವೆಲ್ಲ ಆಸೆ ಬಿಡಿ."

ಹಾಗೆ ಒಂದೇ ಒಂದು ಕಾರ್ಡಿನ ಕಪ್ಪು ಕ್ಯಾಮೆರಾ ಸಿದ್ದರಾಜು ಮುಂದೆ ಹೋಯಿತು. ಅವರು ಮೂಗು ಮುರಿದರು, ಆದರೆ ಬರಬೇಡ ಎನ್ನಲಿಲ್ಲ.

ದೀಪಾವಳಿ ಕಳೆದ ಮೇಲಿನ ಮೊದಲ ಮದುವೆ. ಛತ್ರದ ಮಹಡಿಯ ಕೋಣೆಯಲ್ಲಿ ಬಳೆಶಾಸ್ತ್ರ. ಮದುವೆ ಹುಡುಗಿಗೆ ಬಳೆ ತೊಡಿಸುವವರು, ತೊಡಿಸಿಕೊಳ್ಳುವವರು, ಅಳುವ ಮಕ್ಕಳು. "ಏ ಹುಡುಗಿ, ನಮ್ದೂ ಒಂದು ತೆಗಿ," "ನಂದು ತಲೆ ಬಂತಾ?" ಎಂಬ ಗಲಾಟೆಯ ನಡುವೆ ನಿಶ್ಚಿತಾ ಮಂಚ ಹತ್ತಿ ಇಳಿದು ತೆಗೆದೇ ತೆಗೆದಳು. ಹುಡುಗಿಯ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಒಳಗೆ ತರುವ ಹೊತ್ತಿಗೆ ಕಾರ್ಡು ತುಂಬಿಹೋಯಿತು.

"ಒಂದು ನಿಮಿಷ ಅಜ್ಜೀ," ಎಂದು ಬಾಗಿಲ ಮರೆಗೆ ಹೋಗಿ ನಿಂತಳು. ಹಳೆಯದನ್ನು ಅಳಿಸದೆ ಹೊಸದಕ್ಕೆ ಜಾಗವಿಲ್ಲ. ಕಣ್ಣು ಮುಚ್ಚಿದ ಸೋದರತ್ತೆ, ಅಳಿಸಿದಳು. ಬೆನ್ನು ಮಾತ್ರ ಬಂದದ್ದು, ಅಳಿಸಿದಳು. ಬಣ್ಣ ಚೆನ್ನಾಗಿತ್ತು, ಹುಡುಗಿಯ ಮುಖವಿರಲಿಲ್ಲ, ಅದನ್ನೂ ಅಳಿಸಿದಳು. ಮಂಕಾಗಿದ್ದರೂ ತಾಯಿ ಮಗಳ ಕೈ ಹಿಡಿದದ್ದನ್ನು ಉಳಿಸಿದಳು.

"ಏನಮ್ಮ, ಆಯ್ತಾ? ಅಜ್ಜಿಗೆ ಕಾಲು ನೋಯ್ತದೆ," ಎಂದು ಒಳಗಿಂದ ಯಾರೋ ಕೂಗಿದರು.

"ಬಂದೇ ಕಣ್ರೀ," ಎಂದು ನಿಶ್ಚಿತಾ ಒಳಗೆ ನುಗ್ಗಿದಳು.