ಬಳೆಯ ಸದ್ದಿಗೆ ತೆರೆಯುವ ಬಾಯಿ

ಹೆಂಡತಿ ರಮಾಮಣಿಯ ಬಳೆ ಸದ್ದಾದರೆ ಸಾಕು, ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಅವಳು ಕಿಟಕಿಯ ಪರದೆ ಸರಿಸಿದರೂ ನಾನಿಲ್ಲಿ ಬಾಯಿ ತೆರೆದು ಕೂತಿರುತ್ತಿದ್ದೆ. ಥೂ! ಡೊಂಬಿವಲಿಯಲ್ಲಿ ಹೋಟೆಲು ನಡೆಸಿ ಊರಿಗೇ ಊಟ ಬಡಿಸಿದ ಈ ಯಜ್ಞೇಶ್ವರನ ಗತಿ ನೋಡಿ.

ಪಾರ್ಶ್ವವಾಯು ಬಡಿದು ಬಲಗೈ ಬಿದ್ದ ಮೇಲೆ ಮೂರನೇ ಮಾಳಿಗೆಯ ಈ ಮನೆಯೇ ನನಗೆ ಜೈಲು. ಲಿಫ್ಟಿಲ್ಲ. ಲೋಕಲ್ ರೈಲುಗಾಡಿಗಳ ಸದ್ದು ಕೇಳುವಾಗೆಲ್ಲ, ಜನ ನೇತಾಡಿಕೊಂಡಾದರೂ ಎಲ್ಲಿಗೋ ಹೋಗುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಉಳಿದ ಕೆಲಸವನ್ನೆಲ್ಲ ಎಡಗೈ ವಹಿಸಿಕೊಂಡಿತು. ಊಟ ಮಾತ್ರ ಎಡಗೈಯಲ್ಲಿ ಸತ್ತರೂ ಮಾಡೆನೆಂದೆ. ನಮ್ಮವರಲ್ಲಿ ಯಾರು ಮಾಡುತ್ತಾರೆ? ಹಾಗಾಗಿ ರಮಾಮಣಿ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. ನನ್ನದು ಮುಗಿದ ಮೇಲೆ ಆರಿದ ಅನ್ನ ಅವಳಿಗೆ.

ಆಗ ಬಂದಳು ಫಿಸಿಯೋಥೆರಪಿಯ ದಿಶಾ. ಇಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ.

"ಬೆರಳು ಸ್ವಲ್ಪ ಅಲ್ಲಾಡ್ತದೆ ಅಂಕಲ್. ಹಾಥ್ ಗಯಾ ನಹೀ, ಕೈ ಹೋಗಿಲ್ಲ, ಮಿದುಳು ಅದನ್ನ ಬಿಟ್ಟಿದೆ ಅಷ್ಟೆ. ಯೂಸ್ ಮಾಡಿದ ಕನೆಕ್ಷನ್ ಗಟ್ಟಿ ಆಗ್ತದೆ, ಬಿಟ್ಟದ್ದು ಸಡಿಲ ಆಗ್ತದೆ. ಈಗ ನಿಮ್ಮ ಎಡಗೈದು ಗಟ್ಟಿ, ತುತ್ತಿಗೆ ಬಾಯಿ ತೆರೆಯೋದೂ ಗಟ್ಟಿ. ಅದು ಸ್ವಲ್ಪ ಸಡಿಲ ಆಗ್ಬೇಕು, ನೀವದನ್ನ ಮರೀಬೇಕು."

"ಕಲೀಲಿಕ್ಕೆ ನೆನಪಿಟ್ಟುಕೊಳ್ಬೇಕು ಮಾರಾಯ್ತಿ, ಮರೆಯುವುದೆಂತಕ್ಕೆ?" ಎಂದು ರೇಗಿದೆ.

"ದೋನೋ, ಎರಡೂ ಬೇಕು. ಡೊಂಬಿವಲಿ ಸ್ಟೇಷನ್ ನೋಡಿದ್ದೀರಲ್ಲ? ಒಳಗಿನವರು ಇಳಿಯದೆ ಹೊರಗಿನವರು ಹತ್ತೋದು ಹೇಗೆ?"

ಹೀಗೆಂದವಳೇ ನನ್ನ ಎಡಗೈಗೆ ದಪ್ಪ ಗವಸು ತೊಡಿಸಿ ಪಟ್ಟಿ ಬಿಗಿದಳು. ಆಮೇಲೆ ರಮಾಮಣಿಯ ಕಡೆ ತಿರುಗಿ, "ಆಂಟಿ, ಇನ್ನು ತುತ್ತು ಬಂದ್" ಎಂದಳು.

ನಾನು ಒಪ್ಪಿದ್ದು ಒಂದೇ ಕಾರಣಕ್ಕೆ. ಬರುವ ತಿಂಗಳು ಮಗಳು ಪ್ರಿಯಂವದಾಳ ಹೊಸ ಮನೆಯ ಗೃಹಪ್ರವೇಶ, ಘಣಸೋಲಿಯಲ್ಲಿ. ನನ್ನ ಹೋಟೆಲಿನ ಬಳಗವೆಲ್ಲ ಪಂಕ್ತಿಯಲ್ಲಿ ಕೂರುತ್ತದೆ. ಅವರೆದುರು ಮಗುವಿನಂತೆ ಉಣಿಸಿಕೊಳ್ಳುವುದಕ್ಕಿಂತ ಈ ಮನೆಯಲ್ಲೇ ಕೊಳೆಯುವುದು ವಾಸಿ. ನನ್ನ ಕೈಯಿಂದ ಉಣ್ಣಲು ಬಂದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಮಗಳಿಗೆ ಹೇಳಿಬಿಟ್ಟೆ. ಅವಳು ಫೋನಿನಲ್ಲೇ ಅತ್ತಳು.

ಅಯ್ಯೋ, ಆ ದಿನಗಳು! ಒಂದು ಕೈ ಬಿದ್ದದ್ದು, ಇನ್ನೊಂದು ಕಟ್ಟಿದ್ದು. ಮೂಗು ತುರಿಸಿದರೆ ಗೋಡೆಗೆ ಉಜ್ಜಿಕೊಳ್ಳಬೇಕು. ತಟ್ಟೆಯ ಅನ್ನ ನೆಲಕ್ಕೆ, ಸಾರು ಪಂಚೆಗೆ. ಹಸಿವಿಗೆ ತಲೆಕೆಟ್ಟು ದಿಶಾಳನ್ನೂ ಅವಳಿಗೆ ಕಲಿಸಿದವರನ್ನೂ ಬಾಯಿಗೆ ಬಂದಂತೆ ಬೈದೆ. ಬಳೆ ಸದ್ದಾದರೆ ಬಾಯಿ ತೆರೆಯುತ್ತಿತ್ತು. ರಮಾಮಣಿ ಮುಖ ತಿರುಗಿಸಿ ಅಡುಗೆಮನೆಗೆ ಓಡುತ್ತಿದ್ದಳು. ಒಂದು ದಿನ ತಡೆಯಲಾರದೆ ತುತ್ತಿಟ್ಟೇಬಿಟ್ಟಳು. ಆಮೇಲೆ ದಿನವಿಡೀ ನಾನು ಬಲಗೈ ಎತ್ತಲೇ ಇಲ್ಲ.

"ನೋಡಿದ್ರಾ ಆಂಟಿ? ನೀವೂ ಮರೀಬೇಕು," ಎಂದಳು ದಿಶಾ.

ಕೊನೆಗೊಂದು ಮಧ್ಯಾಹ್ನ ಮೊಸರನ್ನ ಅರ್ಧ ಬಾಯಿಗೆ, ಅರ್ಧ ಗಲ್ಲಕ್ಕೆ ಬಂತು. ಅಷ್ಟನ್ನೇ ನಂಬಿಕೊಂಡು, ಅಳಿಯನ ಹೆಗಲು ಹಿಡಿದು ಮೆಟ್ಟಿಲು ಇಳಿದೆ.

ಘಣಸೋಲಿಯಲ್ಲಿ ಎಲೆ ಹಾಕಿದರು. ಎಡಗೈಯ ಗವಸು ಬಿಚ್ಚಿರಲಿಲ್ಲ. ಬಿಚ್ಚಿದರೆ ಆ ಕೈ ತಾನೇ ಮುಂದೆ ಬಂದೀತು, ನನಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಬಿಸಿ ಸಾರನ್ನ ಕಲಸಿ ಎತ್ತಿದೆ. ಬೆರಳು ನಡುಗಿ ಅನ್ನ ಎಲೆಗೇ ಜಾರಿತು. ಆಚೀಚೆಯವರ ಕೈಗಳು ನಿಂತವು. ಪಂಕ್ತಿಯಲ್ಲಿ ಕೂತವನು ನಡುವೆ ಎದ್ದು ಓಡುವಂತೆಯೂ ಇಲ್ಲ. ಸಿಕ್ಕಿಬಿದ್ದೆನಲ್ಲಪ್ಪಾ ಎಂದುಕೊಂಡೆ.

ಆಗ ಪಕ್ಕದಲ್ಲಿ ಬಳೆ ಸದ್ದಾಯಿತು. ಪಕ್ಕದ ಎಲೆಗೆ ಕೂತಿದ್ದ ರಮಾಮಣಿ ಎಲ್ಲ ಮರೆತು ತನ್ನ ಎಲೆಯ ತುತ್ತು ಹಿಡಿದು ನನ್ನ ಮುಖದ ಬಳಿ ತಂದಿದ್ದಳು.

ನನ್ನ ಬಾಯಿ ತೆರೆಯಲಿಲ್ಲ.

ನನಗೇ ಆಶ್ಚರ್ಯವಾಯಿತು. ಮತ್ತೆ ಅನ್ನ ಒಟ್ಟುಮಾಡಿ ಮೊಣಕೈ ಎತ್ತಿದೆ. ಈ ಸಲ ತುತ್ತು ಬಾಯಿಗೆ ಬಂತು. ಅವಳ ಕೈ ಮಾತ್ರ ಗಾಳಿಯಲ್ಲೇ ಇತ್ತು, ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯದು.

"ಅದು ನಿಂದು ಮಾರಾಯ್ತಿ, ನೀನೇ ತಿನ್ನು," ಎಂದೆ.

ಅವಳು ತಿಂದಳು. ಕಣ್ಣು ತುಂಬಿತ್ತು.

"ಬಿಸಿ ಉಂಟು," ಎಂದಳು.