ಗುಡ್ಡದ ಹೊಗೆ

ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಸರ್ವಮಂಗಳಮ್ಮ ಮೊದಲು ನೋಡಿದ್ದು ಮಂಚದ ಕಡೆ. ಗಂಡ ಮುರುಗೇಶಪ್ಪ ದಿಂಬಿಗೆ ಒರಗಿ ಕೂತಿದ್ದ. ಅರ್ಧ ಆಯುಷ್ಯ ಅಕ್ಕಿ ಗಿರಣಿಯ ಧೂಳು ಕುಡಿದ ಎದೆ. ಒಳ್ಳೆಯ ದಿನಗಳಲ್ಲೂ ಉಸಿರು ಸಿಳ್ಳೆ ಹಾಕುತ್ತಿತ್ತು. ಈಗ ಒಂದೊಂದು ಉಸಿರಿಗೂ ಭುಜಗಳು ಎದ್ದು ಬೀಳುತ್ತಿದ್ದವು.

"ಅಮ್ಮಾ, ನಾನು ಮಮತಾ. ಬೇಗ ತೆಗೀರಿ."

ಮಮತಾ ಊರಿನ ಆಶಾ ಕಾರ್ಯಕರ್ತೆ. ಬೆಳಿಗ್ಗೆಯಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಮನೆ ತಿರುಗುತ್ತಿದ್ದಳು. ಅವಳ ಹಿಂದೆ ಪಕ್ಕದ ಓಣಿಯ ದಿಲ್‌ಶಾದ್ ಬೇಗಂ ಇದ್ದಳು. ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಇಲ್ಮಾ ತಾಯಿಯ ಹೆಗಲಿಗೆ ಜೋತುಬಿದ್ದಿದ್ದಳು.

"ಇವರದು ಹೆಂಚಿನ ಮನೆ, ಎಲ್ಲಿ ಮುಚ್ಚಿದರೂ ಹೊಗೆ ಬರ್ತೈತೆ. ಈ ಹುಡುಗಿಗೆ ಉಬ್ಬಸ ಬ್ಯಾರೆ. ಗಾಜಿನ ಕಿಟಕಿ, ಆರ್‌ಸಿಸಿ ಇರೋದು ನಿಮ್ಮನೇಲೇ. ಆಂಬುಲೆನ್ಸಿಗೆ ಫೋನ್ ಮಾಡಿದೀನಿ. ರಸ್ತೆ ಮಗ್ಗಲಿಗೇ ಬೆಂಕಿ, ಜಗಳೂರಿಂದ ಗಾಡಿ ಬಿಡ್ತಾ ಇಲ್ಲಂತೆ."

"ಬರ್ರಿ, ಒಳಗೆ ಬರ್ರಿ," ಎಂದಳು ಸರ್ವಮಂಗಳಮ್ಮ. ಅವರ ಬೆನ್ನಿಗೇ ಹೊಗೆಯೂ ನುಗ್ಗಿತು. ಮುರುಗೇಶಪ್ಪ ಕೆಮ್ಮಲು ಶುರುಮಾಡಿದವನು ಬಹಳ ಹೊತ್ತು ನಿಲ್ಲಿಸಲಿಲ್ಲ.

ಮೊನ್ನೆ ಗುಡ್ಡದ ತುದಿಯಲ್ಲಿ ಬೆಂಕಿ ಒಂದು ಗೆರೆಯ ಹಾಗೆ ಕಂಡಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೇಸಿಗೆ ಬಂದರೆ ಬಾದೆಹುಲ್ಲಿಗೆ ಬೆಂಕಿ ಬೀಳುವುದು ಹೊಸದಲ್ಲ. ಆದರೆ ಗಾಳಿ ತಿರುಗಿತು. ಹೊಗೆ ಇಳಿದು ಊರಿನ ಮೇಲೆ ಕೂತಿತು, ಏಳಲಿಲ್ಲ. ನಡುಮಧ್ಯಾಹ್ನವೇ ದೀಪ ಹಾಕಬೇಕಾಯಿತು. ಗಂಡಸರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯಲು ಗುಡ್ಡ ಹತ್ತಿದ್ದರು.

ಒಲೆ ಹಚ್ಚಬೇಡಿ, ಊದುಬತ್ತಿಯೂ ಬೇಡ, ಬಾಗಿಲು ಮಾತ್ರ ಸುಮ್ಮಸುಮ್ಮನೆ ತೆಗೀಬೇಡಿ ಎಂದು ಹೇಳಿ ಮಮತಾ ಹೊರಟುಹೋದಳು. ಒಳಗೆ ನಾಲ್ವರೇ ಉಳಿದರು. ನಿಧಾನವಾಗಿ ಗಾಳಿ ತಿಳಿಯಾಯಿತು. ಇಲ್ಮಾಳ ತುಟಿಗೆ ಬಣ್ಣ ಬಂತು. ಮುರುಗೇಶಪ್ಪ ಉಸಿರಿನ ಮದ್ದಿನ ಪಂಪು ಎಳೆದುಕೊಂಡು ಕಣ್ಣು ಮುಚ್ಚಿದ. ಸರ್ವಮಂಗಳಮ್ಮ ದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು.

ಇಳಿಹೊತ್ತಿಗೆ ಮತ್ತೆ ಬಾಗಿಲು ಸದ್ದಾಯಿತು. ಬಡಿತವಲ್ಲ, ಯಾರೋ ಬಾಗಿಲಿಗೆ ಒರಗಿ ಕುಸಿದ ಸದ್ದು. ಆಮೇಲೆ ಕೆಮ್ಮು.

"ನಮ್ಮ ಮಾವ," ಎಂದು ದಿಲ್‌ಶಾದ್ ಕೆಮ್ಮಿನ ಗುರುತು ಹಿಡಿದು ಎದ್ದು ನಿಂತಳು. ಅವಳ ಗಂಡನ ತಂದೆ ಫಕೀರಸಾಬ ಬೆಳಿಗ್ಗೆ ಎಲ್ಲರ ಜೊತೆ ಗುಡ್ಡ ಹತ್ತಿದ್ದ, ಈ ವಯಸ್ಸಿಗೆ ಬೇಡವೆಂದರೂ ಕೇಳಿರಲಿಲ್ಲ. ಇವರು ಇಲ್ಲಿದ್ದಾರೆಂದು ಮಮತಾ ಹೇಳಿರಬೇಕು. ಅವಳ ಕೈ ಚಿಲಕದ ಹತ್ತಿರ ಹೋಗಿ ಅಲ್ಲೇ ನಿಂತಿತು. ಮನೆ ತನ್ನದಲ್ಲ. "ಅಕ್ಕಾ?"

ಸರ್ವಮಂಗಳಮ್ಮ ಮಂಚದ ಕಡೆ ನೋಡಿದಳು. ಇನ್ನೊಂದು ಸಲ ಹೊಗೆ ನುಗ್ಗಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ದಿಲ್‌ಶಾದ್‌ಗೂ ಗೊತ್ತಿತ್ತು. ಹೊರಗೆ ಕೆಮ್ಮು ಸಣ್ಣದಾಗುತ್ತಿತ್ತು.

"ಸ್ವಲ್ಪ ತಡೀ," ಎಂದಳು ಸರ್ವಮಂಗಳಮ್ಮ.

ಆಗ ಮುರುಗೇಶಪ್ಪ ಹೊದಿಕೆಯ ಮೇಲಿಂದ ಕೈ ಎತ್ತಿದ. ಬಾಗಿಲ ಕಡೆಗೆ ಎತ್ತಿದ ಹಾಗಿತ್ತು. ತುಟಿ ಅಲುಗಿತು, ದನಿ ಬರಲಿಲ್ಲ.

"ತೆಗಿ ಅಂತಾರೆ," ಎಂದು ಸರ್ವಮಂಗಳಮ್ಮ ತಾನೇ ಹೋಗಿ ಚಿಲಕ ತೆಗೆದಳು.

ಫಕೀರಸಾಬನ ಹುಬ್ಬು ಸುಟ್ಟಿತ್ತು, ಗಡ್ಡಕ್ಕೆ ಬೂದಿ ಮೆತ್ತಿತ್ತು. ಹೆಂಗಸರಿಬ್ಬರೂ ರಟ್ಟೆ ಹಿಡಿದು ಎಳೆದುಕೊಳ್ಳುವಷ್ಟರಲ್ಲಿ ಎದುರಿನ ಗೋಡೆ ಕಾಣದಷ್ಟು ಹೊಗೆ ಕೋಣೆ ತುಂಬಿತು. "ನನ್ನಿಂದ ನಿಮಗೆ ತ್ರಾಸಾತು ತಾಯಿ, ನಾನು ಹೊರಗೇ ಇರ್ತೀನಿ," ಎನ್ನುತ್ತಲೇ ಇದ್ದ. ದಿಲ್‌ಶಾದ್ ಬಾಗಿಲು ತಳ್ಳಿ ಚಿಲಕ ಹಾಕಿದಳು. ಸರ್ವಮಂಗಳಮ್ಮ ಗಂಡನ ಬೆನ್ನು ನೀವುತ್ತಿದ್ದಳು. ಪಂಪು ಎಷ್ಟು ಒತ್ತಿದರೂ ಮದ್ದು ಒಳಗೆ ಇಳಿಯುತ್ತಿರಲಿಲ್ಲ.

ಮರುದಿನ ರಸ್ತೆ ತೆರೆಯಿತು. ಆಂಬುಲೆನ್ಸ್ ಜಗಳೂರು ಮುಟ್ಟುವ ಮೊದಲೇ ಮುರುಗೇಶಪ್ಪ ತೀರಿಕೊಂಡ.

ಮಣ್ಣು ಮಾಡಿದ ದಿನ ಊರೆಲ್ಲ ಸೇರಿತ್ತು. "ಪುಣ್ಯಾತ್ಮ, ಕೈ ಎತ್ತಿ ಬಾಗಿಲು ತೆಗೆಸಿದ," ಎಂದು ಜನ ಹೇಳುತ್ತಿದ್ದರು. ದಿಲ್‌ಶಾದ್ ಹಾಗೆ ಹೇಳಿದ್ದಳು. ಸರ್ವಮಂಗಳಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಕೈ ತೆಗಿ ಅಂದಿತೋ, ಬೇಡ ಅಂದಿತೋ, ಬರೀ ಉಸಿರಿಗಾಗಿ ತಡಕಾಡಿತೋ? ಕೇಳಬೇಕಾದವನು ಇರಲಿಲ್ಲ. ಮಮತಾ ಒಬ್ಬಳೇ ಅವಳ ಪಕ್ಕ ಬಂದು ಕೂತು, "ನಾನೇ ಅವರನ್ನ ನಿಮ್ಮನಿಗೆ ಕರಕಂಬಂದಿದ್ದು," ಎಂದಳು. ಸರ್ವಮಂಗಳಮ್ಮ ಅವಳ ಕೈ ಹಿಡಿದುಕೊಂಡಳು.

ಇಲ್ಮಾ ಹೆತ್ತಳು, ಹೆಣ್ಣುಮಗು. ದಿಲ್‌ಶಾದ್ ಸಕ್ಕರೆ ತಂದುಕೊಟ್ಟು ಹೋದಳು. ಫಕೀರಸಾಬ ಮಾತ್ರ ಬರಲಿಲ್ಲ. ಚೇತರಿಸಿಕೊಂಡು ಓಡಾಡುತ್ತಿದ್ದಾನೆಂದು ಸರ್ವಮಂಗಳಮ್ಮ ಕೇಳಿದ್ದಳು. ಮಸೀದಿಗೆ ಅವಳ ಮನೆಯ ಮುಂದಿನದೇ ಹತ್ತಿರದ ದಾರಿ.

ಒಂದು ಸಂಜೆ ತಾರಸಿಯ ಮೇಲೆ ಒಣಹಾಕಿದ ಹುಣಸೆಹಣ್ಣು ಮಡಿಲಿಗೆ ಎತ್ತುತ್ತಿದ್ದಾಗ ಅವನು ಕಂಡ. ಊರು ಬಳಸಿ, ಕೆರೆ ಏರಿಯ ಮೇಲೆ ಒಬ್ಬನೇ ನಡೆಯುತ್ತಿದ್ದ. ತೂಬಿನ ಹತ್ತಿರ ನಿಂತ, ಕಲ್ಲಿಗೆ ಕೈ ಊರಿ ಬಗ್ಗಿದ. ಕೆಮ್ಮು ಇಲ್ಲಿಗೆ ಕೇಳಿಸುತ್ತಿರಲಿಲ್ಲ. ಬೆನ್ನು ಅದುರುವುದಷ್ಟೇ ಕಾಣುತ್ತಿತ್ತು.

ಅವಳು ಮಡಿಲು ಹಿಡಿದುಕೊಂಡೇ ನಿಂತಳು, ಅವನು ಮತ್ತೆ ನಡೆಯಲು ಶುರುಮಾಡುವವರೆಗೂ.